ಬಾಯಲ್ಲಿ ನೀರೂರದ ದಿನ

ಕಟ್ಟಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ವಿಜಯೇಂದ್ರನಿಗೆ ನೆನಪಾಗಲಿಲ್ಲ. ಕೈ ನೋಡಿಕೊಂಡ. ಬೆರಳ ಸಂದಿಯಲ್ಲಿ ಹುಣಸೆಹಣ್ಣಿನ ನಾರು ಇತ್ತು, ಬೆಲ್ಲದ ಅಂಟು ಇತ್ತು, ಉಪ್ಪಿನ ಹರಳು ಇರಲಿಲ್ಲ. ಆದರೆ ನಡುವೆ ಒಮ್ಮೆ ಕೈ ತೊಳೆದುಕೊಂಡಿದ್ದ, ಹಾಗಾಗಿ ಕೈ ಹೇಳುವ ಸಾಕ್ಷಿಗೆ ಬೆಲೆ ಇರಲಿಲ್ಲ. ರೋಣದ ಶ್ರೀನಿವಾಸರಾಯರ ಮನೆಯ ಹಿತ್ತಿಲಿನಲ್ಲಿ, ತಗಡಿನ ಚಪ್ಪರದ ಕೆಳಗೆ ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಹೋಳಿಗೆಯ ಹೂರಣಕ್ಕೆಂದು ಬೇಯಿಸಿದ ಕಡಲೆಬೇಳೆಯ ಕಟ್ಟು ಬಸಿದು, ಕೊಬ್ಬರಿ ಮಸಾಲೆ ಅರೆದು ಹಾಕಿ, ಹುಣಸೆಹುಳಿ ಬಿಟ್ಟು ಮಾಡಿದ ಸಾರು. ರಾಯರ ಮನೆಯಲ್ಲಿ ವರ್ಷಕ್ಕೊಮ್ಮೆ ವೆಂಕಟೇಶ ದೇವರ ಸಮಾರಾಧನೆ, ಅವನದೇ ಅಡಿಗೆ. ನರಗುಂದದಿಂದ ಮೊದಲನೆಯ ಬಸ್ಸಿಗೆ ಹೊರಟು ಬಂದು, ಮಿಂದು, ಮಡಿಯುಟ್ಟು ಒಲೆಯ ಮುಂದೆ ನಿಂತವನು ಇನ್ನೂ ಒಂದು ಹನಿ ನೀರು ಕುಡಿದಿರಲಿಲ್ಲ. ಅದೇನೂ ಹೊಸದಲ್ಲ. ಮರೆವೂ ಹೊಸದಲ್ಲ. ಹಾಕಿದ್ದು ನೆನಪಿಲ್ಲದಿದ್ದರೆ ಪಾತ್ರೆಯ ಬಳಿ ಸುಮ್ಮನೆ ನಿಂತರಾಯಿತು. ಉಪ್ಪು, ಹುಳಿ, ಖಾರ ಒಂದಕ್ಕೊಂದು ಹೊಂದಿಕೊಂಡ ಗಳಿಗೆಯಲ್ಲಿ ಅವನ ನಾಲಿಗೆಯ ಕೆಳಗೆ ತಟ್ಟನೆ ನೀರೂರುತ್ತಿತ್ತು. ಅಷ್ಟೇ ಅವನ ವಿದ್ಯೆ. ಆ ನೀರನ್ನು ನುಂಗಿ ಸೌಟು ಕೆಳಗಿಟ್ಟನೆಂದರೆ ಅಡಿಗೆ ಆಯಿತು ಎಂದು ಅರ್ಥ. ಈಗ ಅವನು ಬಹಳ ಹೊತ್ತಿನಿಂದ ನಿಂತಿದ್ದ. ಹಬೆ ಮುಖಕ್ಕೆ ಬಡಿಯುತ್ತಿತ್ತು. ಬಾಯಿ ಬೇಸಿಗೆಯ ಎರೆಹೊಲದ ಹಾಗೆ ಬಿರಿದು ಒಣಗಿತ್ತು.

ಅವನ ಮನೆತನದಲ್ಲಿ ರುಚಿ ನೋಡಿ ಅಡಿಗೆ ಮಾಡಿದವರು ಯಾರೂ ಇಲ್ಲ. ನೈವೇದ್ಯ ಆಗುವ ತನಕ ಒಂದು ತೊಟ್ಟು ನಾಲಿಗೆಗೆ ತಾಗಿದರೂ ಅದು ಎಂಜಲು. ಬಗ್ಗಿ ಮೂಸುವುದೂ ಕೂಡದು. ಹಬೆ ತಾನಾಗಿ ಎದ್ದು ಮೂಗಿಗೆ ಬಂದರೆ ನಮ್ಮದೇನು ತಪ್ಪು ಎಂದು ಅಪ್ಪ ನಗುತ್ತಿದ್ದರು. ಉಪ್ಪಿಗೆ ವಾಸನೆ ಇಲ್ಲ, ಆದರೆ ಉಪ್ಪು ಹಿಡಿದ ಸಾರಿನ ವಾಸನೆ ಬೇರೆ, ಹಸಿದ ಹೊಟ್ಟೆಗೆ ಅದು ದೂರದಿಂದಲೇ ತಿಳಿಯುತ್ತದೆ. "ಹಸದಾವನ ಕೈಯಾಗ ಸೌಟು ಇರಬೇಕಪಾ. ಉಂಡಾವಗ ಏನ ತಿಳೀತದ?" ಎಂದು ಅವರು ಹೇಳಿದಾಗ ವಿಜಯೇಂದ್ರನಿಗೆ ಮುಂಜಿಯೂ ಆಗಿರಲಿಲ್ಲ. ಆ ವಯಸ್ಸಿನಿಂದಲೂ ಹಸಿವು ಅವನ ಸಂಗಡ ಇತ್ತು. ಊರವರೆಲ್ಲ ಉಂಡು ಕೈತೊಳೆದು ತಾಂಬೂಲ ಹಾಕಿಕೊಂಡು ಹೋಗುವ ತನಕ ಅದನ್ನು ಹೊಟ್ಟೆಯಲ್ಲಿ ಕಟ್ಟಿಹಾಕಿ ಕೂರಿಸುವುದು ಅವನಿಗೆ ಗೊತ್ತಿತ್ತು. ಆಮೇಲೆ ಅದು ಸೇಡು ತೀರಿಸಿಕೊಳ್ಳುತ್ತಿತ್ತು. ಅಪ್ಪನೂ ಹಾಗೇ ಉಣ್ಣುತ್ತಿದ್ದರು. ಒಂದು ಮುಂಜಿಯ ಅಡಿಗೆ ಮುಗಿಸಿ ಎಲ್ಲರದೂ ಆದ ಮೇಲೆ ಎಲೆಯ ಮುಂದೆ ಕೂತವರು, ಎರಡನೆಯ ಹೋಳಿಗೆಗೆ ತುಪ್ಪ ಬಿಡು ಎಂದು ಬಟ್ಟಲು ತೋರಿಸಿ, ಹಾಗೇ ಪಕ್ಕದ ಗೋಡೆಗೆ ವಾಲಿ ಪ್ರಾಣ ಬಿಟ್ಟಿದ್ದರು. ತುಪ್ಪದ ತಂಬಿಗೆ ವಿಜಯೇಂದ್ರನ ಕೈಯಲ್ಲಿತ್ತು. ಅವರ ಆ ವಯಸ್ಸು ಈಗ ಅವನಿಗೆ ಬಂದಿದೆ.

"ಯಾಕ್ರಿ ಹಂಗ ನಿಂತ್ರಿ? ಸಾರಿನ್ಯಾಗ ಹಲ್ಲಿ ಬಿದ್ದಂಗ ನೋಡ್ಲಿಕ್ಕೆ ಹತ್ತೀರಲ್ಲ." ವಸುಧಾ ಆ ಕಡೆ ಹೋಳಿಗೆ ಲಟ್ಟಿಸುತ್ತ ಕೇಳಿದಳು. ಮದುವೆಯಾದಾಗಿನಿಂದ ಅವನ ಜೊತೆ ಮಡಿಯುಟ್ಟು ಅಡಿಗೆಗೆ ಬರುವವಳು.

"ಏನಿಲ್ಲ."

"ಏನಿಲ್ಲ ಅಂದ್ರ ಈ ಹಂಚಿನ ಕಡೆ ನೋಡ್ರಿ. ಹೊತ್ತಿದ್ರ ನನ್ನ ಹೆಸರಿಗೆ ಬರ್ತದ."

ಅವನು ಹಂಚಿನ ಹೋಳಿಗೆ ತಿರುವಿ ಹಾಕಿದ. ಸುಟ್ಟ ತುಪ್ಪದ ವಾಸನೆಗೆ ಹುಟ್ಟಿದ್ದು ಆಸೆಯಲ್ಲ, ಓಕರಿಕೆ. ಅದೂ ಪೂರ್ತಿ ಓಕರಿಕೆಯಲ್ಲ. ಅಪರಿಚಿತರ ಮನೆಯ ಜಗುಲಿಯಲ್ಲಿ ಕೂತ ಹಾಗೆ ಒಂದು ಬಗೆಯ ಸಂಕೋಚ. ಹಿತ್ತಲ ಬಾಗಿಲಿನಿಂದ ರಾಯರ ತಾಯಿ ಸರಸ್ವತಿಬಾಯಿ ಇಣುಕಿದರು. ಕೋಲು ಹಿಡಿದು ನಡೆಯುವ ಹಳೆಯ ಜೀವ, ಮಾತು ಮಾತ್ರ ಸರಾಗ. "ಏನಪಾ ವಿಜಯೇಂದ್ರ, ಎಷ್ಟ ಸೊರಗೀಯೋ! ನಿಮ್ಮಪ್ಪ ಈ ಬಾಗಿಲದಾಗ ಅಡ್ಡ ತಿರಿಗಿ ಬರತಿದ್ದಾ. ಅಡಿಗಿಯಾಂವ ಹಿಂಗ ಸೊರಗಿದ್ರ ಉಣ್ಣೋರಿಗೆ ಅಂಜಿಕಿ ಬರ್ತದ ನೋಡು." ಅವನು ಹಲ್ಲುಬಿಟ್ಟ. ವಸುಧಾಳ ಲಟ್ಟಣಿಗೆ ನಿಂತಿತು. ಆಕೆ ತಲೆ ಎತ್ತಲಿಲ್ಲ, ಮತ್ತೆ ಲಟ್ಟಿಸತೊಡಗಿದಳು. ಆ ಹೋಳಿಗೆ ಒಂದು ಕಡೆ ಹರಿದು ಹೂರಣ ಹೊರಗೆ ಬಂತು.

ಅವಳಿಗೆ ಹೇಳಿರಲಿಲ್ಲ. ಮೊದಲ ವಾರ ಹೇಳಬೇಕೆಂದಿದ್ದ, ಎರಡನೆಯ ವಾರ ಹೇಳದೆ ಇದ್ದದ್ದನ್ನೇ ಮೊದಲು ಹೇಳಬೇಕಾಯಿತು, ಆಮೇಲೆ ಅದು ಬೆಳೆಯುತ್ತಲೇ ಹೋಯಿತು. ಪ್ರತಿ ಗುರುವಾರ ಊರಿನ ಗುರುರಾಯರ ಮಠಕ್ಕೆ ಹೋಗಿ ಬರುತ್ತೇನೆಂದು ಹೊರಟು, ಮಠಕ್ಕೂ ಹೋಗಿ, ಅಲ್ಲಿಂದ ಡಾಕ್ಟರ್ ಹೇಮಂತರ ದವಾಖಾನೆಗೆ ಹೋಗಿ ಹೊಟ್ಟೆಗೆ ಒಂದು ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದ. ಸುಳ್ಳಾಗಬಾರದೆಂದೇ ಮಠಕ್ಕೆ ಹೋಗುತ್ತಿದ್ದ, ಅದು ದೇವರಿಗೆ ಇನ್ನೂ ದೊಡ್ಡ ಸುಳ್ಳು ಎಂದು ಪ್ರದಕ್ಷಿಣೆ ಹಾಕುವಾಗ ಅನಿಸುತ್ತಿತ್ತು. ಅಡಿಗೆಯವನು ಹಸಿವು ಸಾಯಿಸುವ ಔಷಧ ತೆಗೆದುಕೊಳ್ಳುತ್ತಾನೆಂದು ಗೊತ್ತಾದರೆ ನರಗುಂದದ ಪೇಟೆ ಎಷ್ಟು ದಿನ ನಗಬಹುದು? ನಗುವನ್ನು ಅವನು ಕಂಡಿದ್ದ. ಗಜೇಂದ್ರಗಡದ ಮದುವೆಯಲ್ಲಿ ಬೋಂಡ ಕರಿಯಲು ಗಿಡ್ಡ ಮಣೆಯ ಮೇಲೆ ಕೂತವನಿಗೆ ಏಳಲು ಬರಲಿಲ್ಲ. ಮೊಣಕಾಲು ಒಪ್ಪಲಿಲ್ಲ, ಉಸಿರು ಕಟ್ಟಿತು. ಬಡಿಸುವ ಹುಡುಗರು ರಟ್ಟೆ ಹಿಡಿದು ಎಳೆಯುತ್ತಿದ್ದಾಗ ಬೀಗರ ಕಡೆಯ ಒಬ್ಬ, "ಆಚಾರ್ರಿಗೆ ಜೆಸಿಬಿ ತರಸ್ರೆಪಾ" ಎಂದ. ಇನ್ನೊಬ್ಬ ಮೊಬೈಲು ಎತ್ತಿ ಹಿಡಿದಿದ್ದ. ವಿಜಯೇಂದ್ರನೂ ನಕ್ಕಿದ್ದ, ಏಕೆಂದರೆ ನಗದಿದ್ದರೆ ಅದು ನಿಜವಾಗಿಬಿಡುತ್ತಿತ್ತು. ಆಮೇಲೆ ಕೆಲವು ತಿಂಗಳು ಹಟ ಹಿಡಿದು ಒಪ್ಪತ್ತು ಉಂಡ. ತೂಕ ಇಳಿಯಿತು. ಇಳಿದಷ್ಟೂ ಹಸಿವು ಹುಚ್ಚು ಹಿಡಿದ ಹಾಗೆ ಏರಿತು. ಯಾರದೋ ಮನೆಯ ಉಗ್ರಾಣದಲ್ಲಿ, ಬಾಗಿಲು ಎಳೆದುಕೊಂಡು, ಕಳ್ಳನ ಹಾಗೆ ನಿಂತು ಹೋಳಿಗೆ ತಿಂದ. ತಿನ್ನುತ್ತ ಅತ್ತ. ಅತ್ತದ್ದಕ್ಕೆ ನಾಚಿ ಮತ್ತೊಂದು ತಿಂದ.

ಡಾಕ್ಟರು ಬೈಯಲಿಲ್ಲ. ಅದೇ ಅವನನ್ನು ಸೋಲಿಸಿತು. "ಅದು ನಿಮ್ಮ ಚಪಲ ಅಲ್ರಿ ಆಚಾರ್ರ. ಹೊಟ್ಟಿ ಖಾಲಿ ಆದಾಗ ಅಲ್ಲಿಂದ ಒಂದು ಹಾರ್ಮೋನು ಹೊರಟು ತಲಿಗೆ ಹೋಗಿ ತಾ ತಾ ಅಂತದ. ಉಂಡ ಮ್ಯಾಲೆ ಕರುಳಿನಿಂದ ಇನ್ನೊಂದು ಹೋಗಿ ಸಾಕು ಅಂತದ. ಮೈಯಾಗಿನ ಕೊಬ್ಬೂ ತನ್ನ ಲೆಕ್ಕಾ ತಲಿಗೆ ಕಳಸ್ತಿರ್ತದ. ನಿಮ್ಮ ತಲಿಗೆ ಆ ಮಾತು ಈಗ ಸರೀ ಕೇಳಸವಲ್ದು. ನೀವು ಉಪವಾಸ ಮಾಡಿ ತೂಕಾ ಇಳಿಸಿದ್ರ, ಇಂವ ಬರಗಾಲದಾಗ ಸಿಕ್ಕಾನ ಅಂತ ತಿಳಕೊಂಡು ಮೈ ಮತ್ತಿಷ್ಟು ಹಸಿವಿ ಎಬ್ಬಸ್ತದ. ಈ ಸೂಜಿ ಅಂದ್ರ ಸಾಕು ಅನ್ನೋ ಆ ಕರುಳಿನ ಮಾತು. ಖರೇ ಮಾತು ಗಳಿಗ್ಯಾಗ ಮುಗೀತದ, ಇದು ವಾರಗಟ್ಟಲೆ ಹೇಳಿಕೋತ ಕೂಡ್ತದ." ವಿಜಯೇಂದ್ರನಿಗೆ ಅಂದು ಕಣ್ಣು ತುಂಬಿ ಬಂದಿದ್ದವು. ಇಷ್ಟು ವರ್ಷ ತನ್ನ ಪಾಪ ಎಂದುಕೊಂಡದ್ದು ಬರೀ ಮೈಯ ಕೆಲಸವಂತೆ. ಆದರೆ ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ಯೋಚನೆ ಬೆನ್ನು ಹತ್ತಿತು. ಪಾಪ ತನ್ನದಲ್ಲವಾದರೆ ವಿದ್ಯೆ ಮಾತ್ರ ತನ್ನದು ಹೇಗೆ?

ಸೂಜಿ ಕೆಲಸ ಮಾಡಿತು. ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿತು. ರಕ್ತದ ಸಕ್ಕರೆ ಇಳಿಯಿತು, ಗುಡ್ಡದ ಕೆಳಗಿನ ಏರು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ, ಧೋತರದ ಸುತ್ತು ಹೆಚ್ಚಾಯಿತು. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದಂತಾಯಿತು. ಅದರ ಜೊತೆಗೇ ಒಳಗೆ ಒಬ್ಬ ಬಂದು ಕೂತ. ಅನ್ನ ಕಂಡರೆ ಸಾಕು ಎನ್ನುತ್ತಿದ್ದ. ಅದಕ್ಕೆ ವಿಜಯೇಂದ್ರನ ಅಡ್ಡಿ ಇರಲಿಲ್ಲ. ಆದರೆ ಒಂದು ಸಂಜೆ ಮಠದಲ್ಲಿ ದಾಸರ ಪದ ಹಾಡುತ್ತಿದ್ದಾಗ, ಯಾವ ಪದಕ್ಕೆ ಅವನ ಮೈ ಯಾವಾಗಲೂ ಜುಮ್ಮೆನ್ನುತ್ತಿತ್ತೋ ಅದಕ್ಕೂ ಆ ಮನುಷ್ಯ ಸಾಕು ಎಂದ. ವಸುಧಾ ತವರಿನ ಸುದ್ದಿ ಹೇಳುತ್ತಿದ್ದರೆ ಅರ್ಧಕ್ಕೇ ಸಾಕು ಎಂದ. ಇದು ಸೂಜಿಯೋ ವಯಸ್ಸೋ ಯಾರನ್ನು ಕೇಳುವುದು? ಒಂದು ದಿನ ಬೆಳಗಾಗೆದ್ದು ಹಾಸಿಗೆಯ ಮೇಲೆ ಕೂತಾಗ, ಈ ದಿನಕ್ಕೂ ಒಳಗಿನವನು ಅದೇ ಮಾತು ಹೇಳಿಬಿಟ್ಟರೆ? ಸೂಜಿ ಬಿಟ್ಟುಬಿಡಲೇ ಎಂದು ಡಾಕ್ಟರನ್ನು ಕೇಳಿದ್ದ. ಬಿಟ್ಟರೆ ಹಸಿವು ತಿರುಗಿ ಬರುತ್ತದೆ, ತೂಕವೂ ಬರುತ್ತದೆ, ನಿಮ್ಮ ಹೃದಯದ ಮಟ್ಟಿಗೆ ಅದು ಒಳ್ಳೆಯದಲ್ಲ ಎಂದರು. ತುಪ್ಪದ ಬಟ್ಟಲು ತೋರಿಸಿದ ಅಪ್ಪನ ಬೆರಳು ಕಂಡಿತು. ಹೀಗೆ ಎರಡು ಹೆದರಿಕೆಗಳ ನಡುವೆ ಗುರುವಾರಗಳು ಬಂದು ಹೋಗುತ್ತಿದ್ದವು. ಇಷ್ಟು ದಿನ ಸಣ್ಣ ಅಡಿಗೆಗಳಿದ್ದವು, ಅಂದಾಜಿನ ಮೇಲೆ ನಡೆದಿತ್ತು. ಇಂದು ಕೈ ಮರೆಯಿತು. ನಾಳೆ ಗುರುವಾರ.

"ವಸುಧಾ," ಎಂದ. ಧ್ವನಿ ತನ್ನದೆನಿಸಲಿಲ್ಲ. "ಸಾರಿಗೆ ನಾ ಉಪ್ಪು ಹಾಕಿದ್ನೇನ?"

ಆಕೆ ತಿರುಗಿ ನೋಡಿದಳು. ಇಷ್ಟು ವರ್ಷಗಳಲ್ಲಿ ಅವನು ಆ ಪ್ರಶ್ನೆ ಕೇಳಿರಲಿಲ್ಲ. ಆಕೆಯ ಮುಖದ ಮೇಲೆ ಹಿಟ್ಟಿನ ಬಿಳಿಯ ಕೆಳಗೆ ಇನ್ನೊಂದು ಬಿಳಿ ಬಂದಂತೆ ಅವನಿಗೆ ಕಂಡಿತು. "ನಾ ನೋಡಿಲ್ಲರಿ," ಎಂದಳು ಮೆಲ್ಲಗೆ. ಇನ್ನೇನೋ ಕೇಳುವವಳಂತೆ ಬಾಯಿ ತೆರೆದು, "ಎಲಿ ತೊಳದಾರೋ ಇಲ್ಲೋ ನೋಡಿ ಬರ್ತೀನಿ" ಎಂದು ಎದ್ದು ಒಳಗೆ ಹೋದಳು. ಕೇಳಬೇಕಾದ್ದನ್ನು ಕೇಳದೆ ಹೋದವರ ನಡಿಗೆ ಹಾಗೇ ಇರುತ್ತದೆ, ತುಸು ಅವಸರದ್ದು.

ಒಳಗಿನಿಂದ ಗಂಟೆಯ ಸದ್ದು ಕೇಳಿಸಿತು. ಪೂಜೆ ಮುಗಿಯುತ್ತ ಬಂದಿತ್ತು, ನೈವೇದ್ಯಕ್ಕೆ ಕರೆಯುತ್ತಾರೆ. ವಿಜಯೇಂದ್ರ ಸೌಟಿನಿಂದ ಸಾರು ಎತ್ತಿದ. ಎತ್ತಿ ತಿರುವಿ ಸುರಿದ. ಮತ್ತೆ ಎತ್ತಿದ. ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಕಾಗೆ ಇತ್ತು, ಅದು ಅವನನ್ನು ನೋಡುತ್ತಿರಲಿಲ್ಲ. ಎಡಗೈಯ ಅಂಗೈಗೆ ತುಸು ಬಿಟ್ಟುಕೊಂಡ. ಸುಟ್ಟಿತು. ಆ ಉರಿ ಆರಲೆಂಬ ನೆವದಿಂದ, ಮಗು ಬೆರಳು ಸುಟ್ಟುಕೊಂಡಾಗ ಮಾಡುವ ಹಾಗೆ, ಅಂಗೈಯನ್ನು ಬಾಯಿಗೆ ಒತ್ತಿದ. ಆಗಿಹೋಯಿತು. ಆಕಾಶ ಬೀಳಲಿಲ್ಲ. ಉಪ್ಪಿತ್ತು. ಹಾಕಿದ್ದೆ ಎಂಬ ಸಮಾಧಾನ ಅರ್ಧ ಕ್ಷಣ ನಿಂತಿತು. ಉಪ್ಪು ಇದೆ ಎಂದಷ್ಟೇ ನಾಲಿಗೆ ಹೇಳಿತು, ಸಾಲುತ್ತದೋ ಇಲ್ಲವೋ ಹೇಳಲಿಲ್ಲ. ಮತ್ತೊಮ್ಮೆ ನೆಕ್ಕಿದ. ಒಮ್ಮೆ ಕೆಟ್ಟ ಮೇಲೆ ಎರಡನೆಯ ಸಲಕ್ಕೆ ಭಯ ಕಡಿಮೆ ಎಂಬುದೇ ಅವನನ್ನು ಹೆದರಿಸಿತು. ನಾಲಿಗೆ ಅದನ್ನೇ ಹೇಳಿತು. ಇಷ್ಟು ಸರಿ, ಇನ್ನು ಬೇಡ, ಇನ್ನೊಂದು ಚೂರು ಬೇಕು ಎಂಬ ಮಾತುಗಳು ನಾಲಿಗೆಯವಲ್ಲ, ಹಸಿವಿನವು ಎಂದು ಅವನಿಗೆ ಈಗ ತಿಳಿಯಿತು. ಅದು ಇದ್ದಾಗ ನಾಲಿಗೆ ಬೇಕಾಗಿರಲಿಲ್ಲ, ಇಲ್ಲದಾಗ ನಾಲಿಗೆಯಿಂದ ಪ್ರಯೋಜನವಿರಲಿಲ್ಲ. ನೀರೂರಲಿಲ್ಲ. ಹಾಗಾದರೆ ಕಡಿಮೆಯೇ ಇರಬೇಕು ಎಂದು ಒಂದು ಹಿಡಿ ಹಾಕಿದ. ಕಾದ. ಊರಲಿಲ್ಲ. ಕೈ ತಾನೇ ಉಪ್ಪಿನ ಮರಿಗೆಗೆ ಮತ್ತೆ ಹೋಯಿತು, ಮನೆಯವರು ಬಾಗಿಲು ತೆಗೆಯದಿದ್ದಾಗ ಮತ್ತೆ ಮತ್ತೆ ಬಡಿಯುವವನ ಕೈಯ ಹಾಗೆ.

"ಆಚಾರ್ರ, ನೈವೇದ್ಯಕ್ಕ ತರ್ರಿ," ಶ್ರೀನಿವಾಸರಾಯರು ಕೂಗಿದರು.

ತಂದಿಟ್ಟ. ರಾಯರು ತುಳಸಿ ಹಾಕಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಸಾಧು ಮನುಷ್ಯ, ಎಂಜಲನ್ನು ದೇವರ ಮುಂದಿಟ್ಟು ಕೈ ಮುಗಿಯುತ್ತಿದ್ದೇನೆಂದು ಅವರಿಗೆ ಗೊತ್ತಿಲ್ಲ. ಈಗ ಹೇಳಬೇಕು ಎಂದುಕೊಂಡ. ಈಗ. ಹೇಳಿದರೆ ಎಲ್ಲ ಚೆಲ್ಲಿ ಮತ್ತೆ ಅಡಿಗೆಯಾಗಬೇಕು, ಒಳಗೆ ಊರ ತುಂಬ ಜನ ಮಡಿಯಲ್ಲಿ ಹಸಿದು ಕೂತಿದ್ದಾರೆ. ಅವರ ಹಸಿವನ್ನು ನೆನೆದು ಸುಮ್ಮನಾದನೋ, ತನ್ನ ಮಾನ ನೆನೆದೋ, ಅದನ್ನೂ ಬೇರೆ ಮಾಡಿ ನೋಡುವ ಧೈರ್ಯ ಬರಲಿಲ್ಲ. ಮಂಗಳಾರತಿ ಆಯಿತು.

ದೇವರ ಪ್ರಸಾದಕ್ಕೆ ಹೆಸರಿಡುವ, ಕುಂದು ಹೇಳುವ ಪದ್ಧತಿ ಆ ಜನರಲ್ಲಿ ಇಲ್ಲ. ಹೋಳಿಗೆ ಹೊತ್ತಿರಲಿ, ಅನ್ನ ಮುದ್ದೆಯಾಗಿರಲಿ, ಎಲೆಯ ಮುಂದೆ ಕೂತು ಹೀಗಾಯಿತು ಎನ್ನುವವರಿಲ್ಲ. ಎಂಥ ಒಳ್ಳೆಯ ಪದ್ಧತಿ ಎಂದು ಅವನು ಇಷ್ಟು ದಿನ ತಿಳಿದಿದ್ದ. ಇಂದು ಸಾರಿನ ಸಾಲು ಮುಗಿಸಿ ಬಾಗಿಲ ಬಳಿ ನಿಂತು ಒಬ್ಬೊಬ್ಬರ ಮುಖ ನೋಡಿದ. ಯಾರ ಹುಬ್ಬೂ ಗಂಟಿಕ್ಕಲಿಲ್ಲ. ಸಭ್ಯರು, ತಲೆ ಬಗ್ಗಿಸಿ ಕಲಸುತ್ತಿದ್ದರು. ಆಮೇಲೆ ಒಂದು ಮೂಲೆಯಿಂದ "ಇಲ್ಲೊಂದಿಷ್ಟು ನೀರು" ಎಂಬ ದನಿ ಬಂತು. ಈ ಕಡೆಯಿಂದ "ನೀರ ತರ್ರಿ". ಮತ್ತೆ ಅಲ್ಲಿ. ಅನ್ನ ಕೇಳುವವರಿಗಿಂತ ನೀರು ಕೇಳುವವರು ಹೆಚ್ಚಾದರು. ಒಬ್ಬ ಮುದುಕರು ಸಾರಿನ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಏನೂ ಆಗದವರಂತೆ ಉಂಡರು. ಯಾರಾದರೂ ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ಊಟ ಮುಗಿದು ಏಳುವಾಗ ಸರಸ್ವತಿಬಾಯಿ ಅವನ ಹತ್ತಿರ ನಿಂತರು. ಆಕೆ ಎಂದೂ ಹೊಗಳಿದವರಲ್ಲ, ಸುಮ್ಮನೆ ಎರಡನೆಯ ಸಲ ಹಾಕಿಸಿಕೊಳ್ಳುವುದೇ ಆಕೆಯ ಹೊಗಳಿಕೆ. ಇಂದು ಹಾಕಿಸಿಕೊಂಡಿರಲಿಲ್ಲ. "ಸಾರು ಚಲೋ ಆಗಿತ್ತಪಾ," ಎಂದು ಅವನ ತೋಳು ಮುಟ್ಟಿ ಹೋದರು. ಸತ್ತವರ ಮನೆಗೆ ಬಂದವರು ಹಾಗೆ ಮುಟ್ಟುತ್ತಾರೆ.

ಕೊನೆಗೆ ಹಿತ್ತಿಲಲ್ಲಿ ಅವನ ಎಲೆ ಬಿತ್ತು. ಬಡಿಸುವವಳು ಯಾವಾಗಲೂ ವಸುಧಾ. ಅವನದಾದ ಮೇಲೆ ಆಕೆ ಕೂರುವಳು. ಆಕೆ ಅನ್ನ ಹಾಕಿ, ಸಾರಿನ ಸೌಟು ಹಿಡಿದು ತಡೆದಳು. ಅವನು "ಹಾಕು" ಎಂದ. ಕಲಸಿ ತುತ್ತು ಬಾಯಿಗಿಟ್ಟ. ಉಪ್ಪು ವಿಪರೀತವಾಗಿದೆ ಎಂದು ನಾಲಿಗೆ ಸುದ್ದಿ ಹೇಳುವವರ ಹಾಗೆ ಹೇಳಿತು. ಉಗಿಯಬೇಕೆನಿಸಲಿಲ್ಲ. ಒಳಗೆ ಕೂತವನಿಗೆ ಉಪ್ಪೂ ಒಂದೇ ಬೆಲ್ಲವೂ ಒಂದೇ. ಎರಡನೆಯ ತುತ್ತು ತಿಂದ, ಮೂರನೆಯದು. ಶಿಕ್ಷೆಯಾದರೂ ಆಗಲಿ ಎಂದು ತಿನ್ನುತ್ತಿದ್ದ, ಅದು ಶಿಕ್ಷೆಯೂ ಆಗಲಿಲ್ಲ.

ಸೌಟು ಕೆಳಗೆ ಬಿದ್ದ ಸದ್ದಾಯಿತು. ವಸುಧಾ ಅವನ ಮುಂದೆ ಕುಸಿದು ಕೂತಿದ್ದಳು. "ಉಣಬ್ಯಾಡ್ರಿ. ಸಾಕು ಮಾಡ್ರಿ. ಸಮುದ್ರ ಆಗ್ಯದದು. ಎರಡನೇ ಪಂಕ್ತಿಗೆ ನಾ ಬಿಸಿನೀರು ಬೆರಸೀನಿ, ಆದ್ರೂ ಯಾರಿಗೂ ಬಾಯಾಗ ಇಡ್ಲಿಕ್ಕೆ ಆಗಲಿಲ್ಲ. ನಿಮಗ ತಿಳೀವಲ್ದೇನು?" ಆಕೆ ಎಲೆಯನ್ನು ಅತ್ತ ಸರಿಸಿದಳು. "ನನಗ ಆವಾಗ್ಲೇ ಗೊತ್ತಾಯ್ತು. ಸಾರು ಸರಿ ಆದಾಗ ನಿಮ್ಮ ಗಂಟಲ ಒಮ್ಮೆ ಏಳತದ, ಗುಟಕರಿಸ್ತೀರಿ. ಅದನ್ನ ನೋಡೇ ನಾ ಹಂಚು ಇಳಸ್ತಿದ್ದೆ. ಇವತ್ತ ಏಳಲಿಲ್ಲ. ಕೇಳಬೇಕಂದೆ. ಕೇಳಿದ್ರ ನೀವು ಹೇಳಿಬಿಡ್ತೀರಿ ಅಂತ ಅಂಜಿದೆ. ಎಷ್ಟು ದಿನಾ ಅಂದಾರ ಡಾಕ್ಟರು?"

"ಏನು ಎಷ್ಟು ದಿನಾ?"

"ನನಗ ಎಲ್ಲಾ ತಿಳೀತದರಿ. ಊಟ ಇಲ್ಲ, ಸೊರಗಿ ಕಡ್ಡಿ ಆಗೀರಿ, ಗುರುವಾರಕ್ಕೊಮ್ಮೆ ದವಾಖಾನಿ. ಮಠದಿಂದ ಬಂದ ಧೋತರಕ್ಕ ಸ್ಪಿರಿಟ್ ವಾಸನಿ ಬರ್ತದೇನು? ಕ್ಯಾನ್ಸರ್ ಅಂತ ನನಗ ಹೇಳಬಾರ್ದಿತ್ತೇನು?"

ಅವನು ಎಂಜಲ ಕೈಯಲ್ಲೇ ಕೂತು ಎಲ್ಲ ಹೇಳಿದ. ಸೂಜಿ, ಕರುಳು, ಒಳಗೆ ಕೂತವನು. ಆಕೆ ಮೊದಲು ನಂಬಲಿಲ್ಲ. ನಂಬಿದ ಮೇಲೆ ಸೆರಗು ಬಾಯಿಗಿಟ್ಟು ಅಳುತ್ತ ನಕ್ಕಳು, ನಗುತ್ತ ಬೈದಳು. "ತೂಕಕ್ಕ ಸೂಜೀ? ಅಷ್ಟಕ್ಕ ನನ್ನ ಅರ್ಧಾ ಕೊಂದ್ರಲ್ಲ! ಇರೋ ಬರೋ ದೇವರಿಗೆಲ್ಲಾ ಹರಕಿ ಹೊತ್ತೀನಿ. ನೀವೇ ತೀರಸ್ರಿ ಈಗ."

"ಇನ್ನೊಂದು ಮಾತದ. ನೈವೇದ್ಯಕ್ಕಿಂತ ಮೊದಲ ನಾ..."

"ಬ್ಯಾಡ." ಆಕೆಯ ನಗು ಅಲ್ಲೇ ನಿಂತಿತು. ಅವನ ಎಡ ಅಂಗೈಯನ್ನು ನೋಡಿದಳು. ಅಲ್ಲಿ ಅರಿಷಿಣದ ಕಲೆ ಇತ್ತು, ಸುತ್ತ ಕೆಂಪಗೆ ಸುಟ್ಟ ಗುರುತು. "ಅದನ್ನ ಹೇಳಬ್ಯಾಡ್ರಿ. ಹೇಳಿದ್ರ ನಾ ಕೇಳಿದಂಗ ಆಗ್ತದ. ಕೇಳಿದ ಮ್ಯಾಲೆ ಹೋಗಿ ಅವರಿಗೆ ಹೇಳಬೇಕಾಗ್ತದ. ಏಳ್ರಿ, ಕೈ ತೊಳಕೋರಿ." ಅವನು ಎದ್ದು ಕೈ ತೊಳೆದ. ಎಡಗೈಯನ್ನು ಬಹಳ ಹೊತ್ತು ತೊಳೆದ.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಆಕೆ, ಪಕ್ಕದಲ್ಲಿ ಅವನು. ರೋಣ ಹಿಂದಾಯಿತು. ಎರಡೂ ಕಡೆ ಕಪ್ಪು ನೆಲ, ಬಿಸಿಲು. ಆಕೆ ಮುಂದಿನ ಅಡಿಗೆಗಳ ಯೋಜನೆ ಹಾಕುತ್ತಿದ್ದಳು. ನಾಳೆ ದವಾಖಾನೆಗೆ ತಾನೂ ಬರುವುದು, ಡಾಕ್ಟರಿಗೆ ಎಲ್ಲ ಬಿಚ್ಚಿ ಹೇಳುವುದು, ಮನಸ್ಸು ಮಂಕಾದದ್ದನ್ನೂ. ಸೂಜಿ ಬಿಡುವ ಮಾತಿಲ್ಲ. "ನೀವು ಇರಬೇಕು. ಅದು ಮೊದಲ. ಉಪ್ಪಿನ ಹೊಣಿ ಇನ್ನಮ್ಯಾಲೆ ನಂದು. ನಾ ಹೂಂ ಅಂದ್ರ ಕೈ ನಿಂದ್ರಸ್ರಿ."

ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ: "ನಿನಗ ಹ್ಯಾಂಗ ಗೊತ್ತಾಗ್ತದ? ನೀ ನನ್ನ ಗಂಟಲ ನೋಡಿಕೋತ ಬಂದಾಕಿ."

"ಯಾಕ, ನನಗ ಹಸಿವಿ ಆಗೂದಿಲ್ಲೇನು? ನೀವು ಊರು ಉಂಡ ಮ್ಯಾಲೆ ಉಣ್ಣಾವ್ರು. ನಾ ನೀವು ಉಂಡ ಮ್ಯಾಲೆ ಉಣ್ಣಾಕಿ." ಹಾಗೆಂದು ಆಕೆ ಕಿಟಕಿಯ ಹೊರಗೆ ನೋಡಿದಳು, ದೊಡ್ಡ ಮಾತೇನೂ ಆಡಿರದವಳಂತೆ.

ಬಸ್ಸು ಒಂದು ಊರಿನಲ್ಲಿ ನಿಂತು ಹೊರಟಿತು. ಇಂದು ಆಕೆ ಉಂಡೇ ಇಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಸಾರಿನ ಗಲಾಟೆಯಲ್ಲಿ ಆಕೆಯ ಎಲೆ ಬಿದ್ದಿರಲೇ ಇಲ್ಲ. ಹೇಳುವ ಮೊದಲೇ ಆಕೆ ಚೀಲದಿಂದ ರಾಯರ ಮನೆಯವರು ಕಟ್ಟಿಕೊಟ್ಟ ಹೋಳಿಗೆಯ ಪೊಟ್ಟಣ ತೆಗೆದಳು. ಒಂದನ್ನು ಮಡಚಿ ದೊಡ್ಡ ತುತ್ತು ಕಚ್ಚಿದಳು. ಕಣ್ಣು ತಾವಾಗಿ ಮುಚ್ಚಿದವು. ನುಂಗುವ ಮೊದಲೇ ಮತ್ತೊಂದು ತುತ್ತು. ಹೂರಣದ ಪುಡಿ ಗಲ್ಲಕ್ಕೆ ಹತ್ತಿತು, ಅದನ್ನೂ ನಾಲಿಗೆಯಿಂದ ಎಳೆದುಕೊಂಡಳು. ಇಷ್ಟು ವರ್ಷ ಆಕೆ ಉಣ್ಣುವ ಹೊತ್ತಿಗೆ ಅವನು ತುಂಬಿದ ಹೊಟ್ಟೆಯಲ್ಲಿ ಎಲ್ಲಾದರೂ ಅಡ್ಡಾಗಿರುತ್ತಿದ್ದ. ಹಸಿದವಳು ಉಣ್ಣುವುದನ್ನು ಅವನು ಕಂಡೇ ಇರಲಿಲ್ಲ. ತನ್ನ ಹಸಿವಿನ ಮೇಲೆ ಅಷ್ಟು ಅಭಿಮಾನ ಪಟ್ಟವನು, ತನ್ನದು ತೀರಿದ ಮೇಲೂ ಒಂದು ಹೊಟ್ಟೆ ಪಕ್ಕದಲ್ಲೇ ಕಾದು ಕೂತಿರುತ್ತಿತ್ತೆಂದು ಒಮ್ಮೆಯೂ ಎಣಿಸಿರಲಿಲ್ಲ. ಸೂಜಿಯ ಭಯಕ್ಕಿಂತ, ಅಪ್ಪನ ಬೆರಳಿನ ಭಯಕ್ಕಿಂತ ಈ ಅಳುಕು ಬೇರೆ. ಇದಕ್ಕೆ ಯಾವ ಡಾಕ್ಟರೂ ಇದು ನಿಮ್ಮ ತಪ್ಪಲ್ಲ ಎನ್ನಲಾರ.

ಆಕೆ ಕಣ್ಣು ತೆರೆದಳು. ಅವನ ನೋಟ ಕಂಡು ತುತ್ತು ಬಾಯಲ್ಲೇ ನಿಂತಿತು. ಹೊಸ ಮದುವಣಗಿತ್ತಿಯ ಹಾಗೆ ಸೆರಗನ್ನು ಅಡ್ಡ ಎಳೆದುಕೊಂಡು, "ಆ ಕಡೆ ನೋಡ್ರಿ," ಎಂದಳು. "ಹಿಂಗ ನೋಡಿದ್ರ ನನಗ ಉಣ್ಣಲಿಕ್ಕೆ ನಾಚಿಗಿ ಬರ್ತದ."

ಅವನು ಆ ಕಡೆ ನೋಡಿದ. ನೋಡುತ್ತ, ಆಕೆ ಮತ್ತೆ ಅಗಿಯುವ ಸದ್ದು ಕೇಳಿಸುವ ತನಕ ಉಸಿರು ಬಿಗಿಹಿಡಿದು ಕೂತ.